ಮ್ಯಾಚ್ ಎಂಬ ಪದದ ಬೆನ್ನು ಹತ್ತಿದ ಮೇಷ್ಟ್ರು

ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ಕೂತು ಕಾಫಿ ಕುಡಿಯುವುದು ಬರುತ್ತಿರಲಿಲ್ಲ. ಗಾಂಧಿಬಜಾರಿನ ಹೋಟೆಲಿನಲ್ಲಿ ಬೈಟು ಹೇಳಿ, ತಮ್ಮ ಪಾಲಿನ ಲೋಟ ಹಿಡಿದುಕೊಂಡು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಿದ್ದರು. ಮತ್ತೆ ಒಳಗೆ ಬಂದು ಒಂದು ಗುಟುಕು ಕುಡಿದು ಗೋಡೆಯ ಮೇಲಿನ ತಿಂಡಿಗಳ ಬೋರ್ಡ್ ಓದುತ್ತಿದ್ದರು. ಅದರಲ್ಲಿ ಯಾವುದಾದರೂ ಪದ ಅವರನ್ನು ಹಿಡಿದುಕೊಂಡರೆ ಮುಗಿಯಿತು, ಕಾಫಿ ಆರಿ ಕೆನೆಗಟ್ಟುತ್ತಿತ್ತು. ಲೋಟವನ್ನು ಯಾವುದೋ ಕಿಟಕಿಯ ಮೇಲಿಟ್ಟು ಮರೆತು, ಹೊರಗೆ ಬಂದ ಮೇಲೆ, ‘ನಾನು ಕಾಫಿ ಕುಡಿದ್ನಾ ಮೇಡಂ?’ ಎಂದು ನನ್ನನ್ನೇ ಕೇಳುತ್ತಿದ್ದರು.

ಬಸವನಗುಡಿಯ ಆ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಅವರ ಮನೆ ಬಿನ್ನಿಪೇಟೆಯಲ್ಲಿ, ನನ್ನದು ಚಾಮರಾಜಪೇಟೆಯಲ್ಲಿ. ಬೆಳಿಗ್ಗೆ ಅವರು ನಡೆದು ಬರುವ ದಾರಿಯಲ್ಲೇ ನಮ್ಮ ಮನೆ ಇದ್ದದ್ದರಿಂದ ಎಷ್ಟೋ ವರ್ಷ ನಾವು ಜೊತೆಯಲ್ಲೇ ಕಾಲೇಜಿಗೆ ಹೋದೆವು. ಜೊತೆ ಎಂಬುದು ಮಾತಿಗೆ ಮಾತ್ರ. ಅವರು ದಾಪುಗಾಲು ಹಾಕಿ ಮುಂದಿನ ಕ್ರಾಸ್‌ವರೆಗೆ ಹೋಗಿಬಿಡುತ್ತಿದ್ದರು. ಹೇಳುತ್ತಿದ್ದ ಮಾತಿನ ಅರ್ಧ ನನಗೆ ಕೇಳಿಸಿಲ್ಲ ಎಂದು ನೆನಪಾದಾಗ ತಿರುಗಿ ಬಂದು ಅದನ್ನು ಪೂರ್ತಿ ಮಾಡಿ ಮತ್ತೆ ಮುಂದೆ ಹೋಗುತ್ತಿದ್ದರು. ಹೀಗೆ ನಾನು ಒಂದು ಸಲ ನಡೆದ ರಸ್ತೆಯನ್ನು ಅವರು ಎರಡು ಮೂರು ಸಲ ನಡೆಯುತ್ತಿದ್ದರು. ಮೆಟ್ರೋ ಬಂದ ಮೇಲೂ ಹತ್ತಲಿಲ್ಲ. ಅದರಲ್ಲಿ ಸೀಟು ಸಿಕ್ಕಿಬಿಟ್ಟರೆ ಕೂರಬೇಕಾಗುತ್ತದೆ ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದರೋ ನಿಜಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಈಗಲೂ ಬೆಳಿಗ್ಗೆ ಫುಟ್‌ಪಾತಿನಲ್ಲಿ ಹಿಂದಿನಿಂದ ಯಾರಾದರೂ ಬಿರುಸಾಗಿ ಬಂದರೆ ನಾನು ಪಕ್ಕಕ್ಕೆ ಸರಿದು ಜಾಗ ಬಿಡುತ್ತೇನೆ, ತಿರುಗಿ ಬಂದು ಏನೋ ಹೇಳುತ್ತಾರೆ ಎನ್ನುವ ಹಾಗೆ.

ಈ ನಿಲ್ಲದ ಕಾಲುಗಳು ಎಲ್ಲಿಂದ ಬಂದವು ಎಂದು ಒಮ್ಮೆ ಕೇಳಿದ್ದೆ. ಅವರ ತಂದೆ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ಶಿಫ್ಟ್ ಮುಗಿಯುವ ತನಕ ಒಂದು ಮಗ್ಗದಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರಬೇಕು, ಎಲ್ಲಿ ನೂಲು ಹರಿಯುತ್ತದೋ ಅಲ್ಲಿ ಕೈ ಹಾಕಬೇಕು. ಮನೆಗೆ ಬಂದ ಮೇಲೂ ಆ ಮನುಷ್ಯ ಅಡುಗೆಮನೆಗೂ ಬೀದಿ ಬಾಗಿಲಿಗೂ ಮಧ್ಯೆ ಸುಳಿದಾಡುತ್ತಿದ್ದರಂತೆ. ಊಟ ಕೂಡ ನಿಂತೇ. ‘ನಾನು ಓದಿ ಮೇಷ್ಟ್ರಾದೆ, ಕುರ್ಚಿ ಸಿಕ್ತು. ಆದ್ರೆ ಕಾಲು ಅವರದೇ ಉಳ್ಕೊಂಡ್ವು’ ಎಂದಿದ್ದರು. ಇಂಗ್ಲಿಷ್ ಕೂಡ ಮಿಲ್ಲಿನಿಂದಲೇ ಅವರಿಗೆ ಬಂದದ್ದು. ಯಂತ್ರದ ಭಾಗಗಳ ಹೆಸರನ್ನು ಅಪ್ಪ ಮನೆಯಲ್ಲಿ ಹೇಳುತ್ತಿದ್ದರು. ಹಾಗೆಂದರೇನು ಎಂದು ಮಗ ಕೇಳಿದರೆ ಆ ವಸ್ತುವಿನ ಕೆಲಸ ಹೇಳುತ್ತಿದ್ದರೇ ಹೊರತು ಪದದ ಅರ್ಥ ಅವರಿಗೂ ತಿಳಿದಿರಲಿಲ್ಲ. ಆ ಉತ್ತರ ಸಾಲದೆ ಹುಡುಗ ಪದಗಳ ಹಿಂದೆ ಬಿದ್ದ. ಐವತ್ತು ದಾಟಿದರೂ ಬಿಟ್ಟಿರಲಿಲ್ಲ.

ಎಷ್ಟೋ ಸಲ ನಾನು ಇನ್ನೂ ಹಾಲು ಕಾಯಿಸುತ್ತಿರುವಾಗಲೇ ಫೋನ್ ಬರುತ್ತಿತ್ತು. ನಮಸ್ಕಾರ ಗಿಮಸ್ಕಾರ ಇಲ್ಲ. ‘ಮೇಡಂ, ಅರಸು ಅಂದ್ರೆ ರಾಜ. ಅರಸು ಅಂದ್ರೆ ಹುಡುಕು. ಇವೆರಡೂ ಸಂಬಂಧಿಕರೋ, ಬರೀ ಬಾಡಿಗೆದಾರರೋ?’ ಇದು ಅವರದೇ ಪರಿಭಾಷೆ. ಒಂದೇ ಹುಟ್ಟಿನ ಅರ್ಥಗಳು ಸಂಬಂಧಿಕರು. ಬೇರೆ ಬೇರೆ ಕಡೆಯಿಂದ ಬಂದು ಒಂದೇ ಉಚ್ಚಾರಣೆಯಲ್ಲಿ ಸೇರಿಕೊಂಡವು ಬಾಡಿಗೆದಾರರು. ನಾನು ನಿಘಂಟು ನೋಡಿ ಹೇಳುತ್ತೇನೆ ಎಂದರೆ, ‘ನೋಡಿ, ನಾನು ಹಿಡ್ಕೊಂಡಿರ್ತೀನಿ’ ಎಂದು ಫೋನ್ ಇಡದೆ ಕಾಯುತ್ತಿದ್ದರು. ಕಾಯುವಾಗ ಮನೆಯೊಳಗೆ ಓಡಾಡುತ್ತಿದ್ದ ಅವರ ಚಪ್ಪಲಿಯ ಸದ್ದು ನನಗೆ ಕೇಳಿಸುತ್ತಿತ್ತು.

ಒಂದು ದಿನ ನನಗೆ ಬಿಡುವಿತ್ತು. ಅವರ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿ, ಇದೇನು ಎಂದು ಕೇಳಿದರು. ಮ್ಯಾಚ್‌ಸ್ಟಿಕ್ ಎಂದರು ಮಕ್ಕಳು. ಮ್ಯಾಚ್ ಎಂಬ ಮಾತನ್ನು ಬೇರೆಲ್ಲಿ ಕೇಳಿದ್ದೀರಿ ಎಂದರು. ಕ್ರಿಕೆಟ್ ಮ್ಯಾಚ್ ಎಂದ ಒಬ್ಬ. ಮಲ್ಲೇಶ್ವರದ ಮ್ಯಾಚಿಂಗ್ ಸೆಂಟರ್, ಸೀರೆಗೆ ಬ್ಲೌಸ್ ಪೀಸು ಹುಡುಕುವುದು ಎಂದಳು ಇನ್ನೊಬ್ಬಳು. ನಮ್ಮಕ್ಕನ ಜಾತಕ ಮ್ಯಾಚ್ ಆಗಲಿಲ್ಲ ಎಂದಳು ಕಿಟಕಿಯ ಪಕ್ಕದ ಹುಡುಗಿ. ಇಷ್ಟರಲ್ಲಿ ಕಡ್ಡಿ ಬುಡದವರೆಗೆ ಉರಿದು ಬೆರಳು ಸುಟ್ಟಿತು. ಅವರು ಕೈ ಒದರಿಕೊಂಡು ಪಾಠ ಮುಂದುವರಿಸಿದರು.

ಬೆಂಕಿಯ ಮ್ಯಾಚ್ ಹುಟ್ಟಿದ್ದು ದೂರದಲ್ಲಿ ಎಂದರು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಬತ್ತಿ ಎಂಬ ಅರ್ಥ. ಅದರ ಹಿಂದೆ ಲ್ಯಾಟಿನ್, ಅದಕ್ಕೂ ಹಿಂದೆ ಗ್ರೀಕ್. ಗ್ರೀಕಿನಲ್ಲಿ ಆ ಪದ ಮೂಗಿಗೂ ಸಿಂಬಳಕ್ಕೂ ಸಲ್ಲುತ್ತಿತ್ತು ಎಂದು ಬಲ್ಲವರ ಊಹೆ. ದೀಪದ ಮೂತಿ ಮೂಗಿನ ಹಾಗೆ, ಅದರಿಂದ ಇಳಿಬಿದ್ದ ಬತ್ತಿ ಸೋರುವ ಮೂಗಿನ ಹಾಗೆ. ಮಕ್ಕಳು ನಕ್ಕರು. ಆ ಬತ್ತಿಯೇ ಮುಂದೆ ಬಂದೂಕಿಗೆ ಕಿಡಿ ಮುಟ್ಟಿಸುವ ದಾರವಾಯಿತು, ಆಮೇಲೆ ಈ ಕಡ್ಡಿಯಾಯಿತು. ಇನ್ನೊಂದು ಮ್ಯಾಚ್ ಇಂಗ್ಲಿಷಿನ ಮನೆಯಲ್ಲೇ ಹುಟ್ಟಿದ್ದು. ಸಂಗಾತಿ, ಜೋಡಿಯಲ್ಲಿ ಒಬ್ಬ, ಸಾಟಿ ಎಂದು ಅದರ ಅರ್ಥ. ಜೋಡಿಯೂ ಅದೇ, ಎದುರಾಳಿಯೂ ಅದೇ, ಏಕೆಂದರೆ ಸಮನಾದವರು ಮಾತ್ರ ಎದುರುಬದುರು ನಿಂತು ಆಡಬಲ್ಲರು. ಒಂದೇ ತರಹ ಇರುವುದು ಎಂಬ ಅರ್ಥ ಆಮೇಲೆ ಬಂದದ್ದು. ಮೊದಲಿದ್ದದ್ದು ಕೂಡಿಕೊಳ್ಳುವುದು, ಒಂದಕ್ಕೊಂದು ಒಪ್ಪುವುದು.

‘ಹಾಗಾಗಿ ಇವೆರಡು ಪದ ನೆಂಟರಲ್ಲ’ ಎಂದರು. ‘ಒಂದೇ ವಠಾರದಲ್ಲಿ ಒಂದೇ ಹೆಸರಿನ ಎರಡು ಸಂಸಾರ. ಪೋಸ್ಟ್‌ಮ್ಯಾನ್‌ಗೆ ಗೊಂದಲ ಅಷ್ಟೇ. ಇವರ ಮನೇಲಿ ಯಾರು ಸತ್ತರೂ ಅವರ ಮನೆಗೆ ಸೂತಕ ಇಲ್ಲ.’

ಅವರ ಹೆಂಡತಿ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರು ಎಷ್ಟು ಚಡಪಡಿಸುತ್ತಿದ್ದರೋ ಈಕೆ ಅಷ್ಟೇ ನಿಧಾನ. ಆ ಮನೆಗೆ ಹೋದರೆ ಈಕೆ ಒಂದೆಡೆ ಕೂತು ಸೊಪ್ಪು ಬಿಡಿಸುತ್ತಿರುತ್ತಿದ್ದರು, ಅವರು ಈಕೆಯ ಸುತ್ತ ತಿರುಗುತ್ತಾ ಮಾತಾಡುತ್ತಿರುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಇಬ್ಬರೂ ಕೊರಗಿದ್ದನ್ನು ನಾನು ಕಂಡಿಲ್ಲ.

ಅಕ್ಕನಿಗೆ ಕಾಲು ಊದತೊಡಗಿದಾಗ ನಿಂತು ಮಾಡುವ ಕೆಲಸ, ಅದಕ್ಕೇ ಇರಬೇಕು ಎಂದುಕೊಂಡರು. ನರ್ಸ್ ಆಗಿಯೂ ತಮ್ಮ ಕಾಯಿಲೆಯನ್ನು ತಾವೇ ಕೊನೆಯಲ್ಲಿ ಗುರುತಿಸಿದರು. ಪರೀಕ್ಷೆ ಮಾಡಿಸುವಷ್ಟರಲ್ಲಿ ಎರಡೂ ಕಿಡ್ನಿ ಹೆಚ್ಚುಕಡಿಮೆ ನಿಂತುಹೋಗಿದ್ದವು. ಮಲ್ಲೇಶ್ವರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಮೇಷ್ಟ್ರು ಯಾರನ್ನೂ ಕೇಳದೆ ತಮ್ಮ ಕಿಡ್ನಿ ಕೊಡುವುದಾಗಿ ಡಾಕ್ಟರಿಗೆ ಹೇಳಿಬಂದರು. ಅದು ಎಷ್ಟು ಖಚಿತವಾಗಿತ್ತು ಎಂದರೆ ಆಪರೇಷನ್ ಆದಮೇಲೆ ಯಾವ ಕ್ಲಾಸ್ ಯಾರು ತೆಗೆದುಕೊಳ್ಳಬೇಕು ಎಂದು ಸ್ಟಾಫ್ ರೂಮಿನಲ್ಲಿ ಹಂಚಿಯೂ ಆಗಿತ್ತು. ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು: ಅವರದು ಬಿ ಗುಂಪು, ಅಕ್ಕನದು ಎ. ಡಾಕ್ಟರು, ಮ್ಯಾಚ್ ಆಗಲ್ಲ ಸರ್, ಎಂದರು.

ಅವತ್ತು ಅವರು ಕಾಲೇಜಿಗೆ ಬಂದದ್ದು ಮಧ್ಯಾಹ್ನ. ಸ್ಟಾಫ್ ರೂಮಿನ ಈ ತುದಿಯಿಂದ ಆ ತುದಿಗೆ ಓಡಾಡಿದರು. ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದ್ದರಂತೆ, ಅದೇ ಫಲಿತಾಂಶ. ‘ಇಷ್ಟು ವರ್ಷ ಒಂದೇ ತಟ್ಟೇಲಿ ಉಂಡಿದೀವಿ’ ಎಂದರು ನನಗೆ. ‘ಒಂದು ಜಗಳಾನ ಮುಗಿಸದೆ ಮಲಗಿಲ್ಲ. ಎರಡು ತೊಟ್ಟು ರಕ್ತ ನೋಡಿ ಜೋಡಿ ಅಲ್ಲ ಅಂದ್ಬಿಟ್ರಲ್ಲ.’ ಅವರ ದನಿಯಲ್ಲಿ ದುಃಖಕ್ಕಿಂತ ಅವಮಾನ ಹೆಚ್ಚಿತ್ತು. ಅಕ್ಕನ ಅಣ್ಣ ಒಬ್ಬರಿದ್ದರು, ಅವರಿಗೆ ಸಕ್ಕರೆ ಕಾಯಿಲೆ. ಬೇರೆ ಯಾರೂ ಇರಲಿಲ್ಲ.

ಆಮೇಲಿನ ತಿಂಗಳುಗಳು ಕಷ್ಟದವು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಮಲ್ಲೇಶ್ವರ. ಒಳಗೆ ಯಂತ್ರದ ಪಕ್ಕ ಅಕ್ಕ ಮಲಗಿದ್ದರೆ ಹೊರಗಿನ ಕಾರಿಡಾರಿನಲ್ಲಿ ಇವರ ನಡಿಗೆ. ಒಬ್ಬ ನರ್ಸ್ ರೇಗಿ ಕುರ್ಚಿ ತಂದಿಟ್ಟರೆ ಅದರ ಸುತ್ತ ನಡೆದರಂತೆ. ಪಕ್ಕದ ಹಾಸಿಗೆಗೆ ಅದೇ ದಿನಗಳಲ್ಲಿ ತರಗುಪೇಟೆಯ ಬೇಳೆ ವ್ಯಾಪಾರಿಯೊಬ್ಬರು ಬರುತ್ತಿದ್ದರು. ಅಣ್ಣ ತಮ್ಮಂದಿರ ಮಂಡಿ ಅವರದು, ಇವರು ತಮ್ಮ. ಮೆತ್ತಗಿನ, ಹೆದರಿಕೆಯ ಮನುಷ್ಯ. ಸೂಜಿ ಚುಚ್ಚುವಾಗ ಮುಖ ತಿರುಗಿಸಿಕೊಂಡು ಅಕ್ಕನ ಜೊತೆ ಬೇಳೆ ಬೇಯಿಸುವ ಬಗ್ಗೆ ಮಾತು ತೆಗೆಯುತ್ತಿದ್ದರಂತೆ. ಅವರ ಹೆಂಡತಿ ಕಿಡ್ನಿ ಕೊಡಲು ಮುಂದೆ ಬಂದಿದ್ದರು, ಅಲ್ಲೂ ಗುಂಪು ಹೊಂದಿರಲಿಲ್ಲ. ಆಕೆಯದು ಎ, ವ್ಯಾಪಾರಿಯದು ಬಿ.

ಇದನ್ನು ಮೊದಲು ಗಮನಿಸಿದ್ದು ಆಸ್ಪತ್ರೆಯ ಕಸಿ ವಿಭಾಗದ ಒಬ್ಬ ಹೆಣ್ಣುಮಗಳು. ಎರಡೂ ಜೋಡಿಯನ್ನು ಒಟ್ಟಿಗೆ ಕೂರಿಸಿ ವಿವರಿಸಿದಳು. ಮೇಷ್ಟ್ರ ಕಿಡ್ನಿ ವ್ಯಾಪಾರಿಗೆ ಆಗುತ್ತದೆ, ವ್ಯಾಪಾರಿಯ ಹೆಂಡತಿಯದು ಅಕ್ಕನಿಗೆ ಆಗುತ್ತದೆ. ಅದಲು ಬದಲು. ಕಾನೂನು ಒಪ್ಪುತ್ತದೆ. ನಾಲ್ವರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಆಪರೇಷನ್ ಮಾಡುತ್ತಾರೆ. ಒಬ್ಬರು ಕೊಟ್ಟಮೇಲೆ ಇನ್ನೊಬ್ಬರು ಹಿಂದೆ ಸರಿಯುವ ಪ್ರಶ್ನೆ ಬರಬಾರದು ಎಂದು. ಉಳಿದ ಪರೀಕ್ಷೆಗಳೂ ಅನುಕೂಲವಾಗಿ ಬಂದವು. ಆ ಸಂಜೆ ಮೇಷ್ಟ್ರು ನಮ್ಮ ಮನೆಯ ಮುಂದೆ ನಿಂತು ಇದನ್ನೆಲ್ಲ ಹೇಳಿ, ಒಳಗೆ ಬನ್ನಿ ಎಂದರೂ ಬಾರದೆ, ಗೇಟು ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು.

ವಾರ ಕಳೆದ ಮೇಲೆ ವ್ಯಾಪಾರಿಯ ಅಣ್ಣನಿಂದ ಕರೆ ಬಂತು, ಒಮ್ಮೆ ಮಂಡಿಗೆ ಬಂದು ಹೋಗಿ ಎಂದು. ಒಬ್ಬನೇ ಹೋದರೆ ಮಾತಿಗಿಂತ ನಡಿಗೆಯೇ ಜಾಸ್ತಿಯಾಗುತ್ತದೆ, ನೀವೂ ಬನ್ನಿ, ಎಂದು ಮೇಷ್ಟ್ರು ನನ್ನನ್ನು ಜೊತೆಗೆ ಕರೆದುಕೊಂಡರು. ತೊಗರಿಬೇಳೆಯ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿ ಹೋದೆವು. ಗಾದಿಯ ಮೇಲೆ ಹಿರಿಯರು ಕೂತಿದ್ದರು. ವ್ಯಾಪಾರಿ ಅವತ್ತು ಅಲ್ಲಿರಲಿಲ್ಲ. ಹಿರಿಯರು ಮರ್ಯಾದೆಯಿಂದಲೇ ಮಾತಾಡಿದರು. ಕಾಲೇಜಿನ ಬಗ್ಗೆ ಕೇಳಿದರು, ಅಕ್ಕನ ಆರೋಗ್ಯ ಕೇಳಿದರು, ಮೂಲ ಊರು ಯಾವುದು ಎಂದು ಕೇಳಿದರು. ಕೋಲಾರದ ಕಡೆ, ತಾತನ ಕಾಲದಲ್ಲಿ ಬಂದು ಮಿಲ್ ಸೇರಿದ್ದು ಎಂದು ಮೇಷ್ಟ್ರು ಹೇಳಿದರು. ಹಿರಿಯರು ಲೆಕ್ಕದ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

‘ಅಲ್ಲ, ತಪ್ಪು ತಿಳ್ಕೋಬೇಡಿ’ ಎಂದರು ಹಿರಿಯರು. ‘ಮನೇಲಿ ಹೆಂಗಸರು ಕೇಳ್ತಾರೆ. ನೀವು ಯಾವ ಪೈಕಿ ಅಂತ.’

ಮೇಷ್ಟ್ರು ಅಲ್ಲಿಯವರೆಗೆ ಕಿಟಕಿಯ ಹತ್ತಿರ ಓಡಾಡುತ್ತಿದ್ದವರು ನಿಂತರು.

‘ನಾವು ಬೌದ್ಧರು’ ಎಂದರು. ‘ಅದಕ್ಕೂ ಮುಂಚೆ ಏನಾಗಿದ್ರಿ ಅಂತ ತಾನೇ ನೀವು ಕೇಳ್ತಿರೋದು? ಅದಕ್ಕೂ ಮುಂಚೆ ನಮ್ಮನ್ನ ಊರಾಚೆ ಇಟ್ಟಿದ್ರು.’

ಹಿರಿಯರು ತಲೆಯಾಡಿಸಿದರು. ಒಳ್ಳೆಯದು, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದರು. ಗುಮಾಸ್ತನಿಗೆ ಕಾಫಿ ತರಲು ಹೇಳಿದ್ದರು, ಅದು ಬರುವ ಮೊದಲೇ ನಾವು ಹೊರಟೆವು.

ಹೊರಗೆ ಬಂದು ಮೇಷ್ಟ್ರು ನಡೆಯತೊಡಗಿದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಲಾರಿಗಳ ಮಧ್ಯೆ, ಮೂಟೆ ಹೊತ್ತವರ ಮಧ್ಯೆ, ಪೇಟೆಯ ಸಂದಿಗಳಲ್ಲಿ ಅವರ ಬಿಳಿ ಅಂಗಿಯನ್ನು ಕಣ್ಣಲ್ಲಿ ಹಿಡಿದುಕೊಂಡು ನಾನು ಹಿಂದೆ ಓಡಿದೆ. ಮೆಜೆಸ್ಟಿಕ್ ಹತ್ತಿರ ಸಿಗ್ನಲ್ ಕೆಂಪಾದಾಗ ಅವರನ್ನು ಹಿಡಿದೆ.

‘ನನ್ನ ಮೈ ಕೊಯ್ದು ಒಂದು ಭಾಗ ತೆಗೆದು ಆ ಮನೆಗೆ ಕೊಡಬೇಕು ನಾನು’ ಎಂದರು. ‘ಕೊಡಲ್ಲ ಅನ್ನೋ ಹಾಗೂ ಇಲ್ಲ. ನಾನು ಕೊಡದೆ ಹೋದ್ರೆ ಇವಳಿಗೆ ಸಿಗಲ್ಲ. ಬೇಡ ಅಂದು ಎದ್ದು ಬರೋ ಮರ್ಯಾದೇನೂ ನನಗೆ ಉಳಿಸಲಿಲ್ಲ ಈ ಕಾಯಿಲೆ.’

ಬಸ್ಸಿಗೆ ಹೋಗೋಣ ಎಂದೆ. ಅವರು ನಡೆದೇ ಮಲ್ಲೇಶ್ವರಕ್ಕೆ ಹೋದರು. ನಾನು ಬಸ್ಸು ಹತ್ತಿದೆ. ದಾರಿಯಲ್ಲಿ ವಾಹನಗಳು ಎಷ್ಟು ಕಟ್ಟಿಕೊಂಡಿದ್ದವೆಂದರೆ ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅವರು ಆಗಲೇ ಅಕ್ಕನ ಹಾಸಿಗೆಯ ಪಕ್ಕದಲ್ಲಿದ್ದರು. ಬೆವರು ಒರೆಸಿಕೊಳ್ಳುತ್ತಾ ನಡೆದದ್ದನ್ನು ಹೇಳುತ್ತಿದ್ದರು. ವ್ಯಾಪಾರಿಯ ಹಾಸಿಗೆ ಅವತ್ತು ಖಾಲಿ ಇತ್ತು. ಅಕ್ಕ ಕೇಳಿದ್ದು ಒಂದೇ, ಜಾತಿ ಹೇಳಿದಿರಾ ಇಲ್ಲವಾ ಎಂದು. ಹೇಳಿದೆ ಎಂದರು ಇವರು. ‘ಒಳ್ಳೇದಾಯ್ತು’ ಎಂದರು ಅಕ್ಕ. ‘ಮುಚ್ಚಿಟ್ಟು ಕೊಟ್ಟು, ಆಮೇಲೆ ಗೊತ್ತಾಗಿ ಆ ಮನುಷ್ಯ ಒಳಗೊಳಗೇ ಒದ್ದಾಡೋದು ಬೇಡ. ಮೊದಲೇ ಹೆದರಪುಕ್ಕ.’

ಆ ಕಡೆಯಿಂದ ಸುದ್ದಿ ಬರಲಿಲ್ಲ. ಡಯಾಲಿಸಿಸ್ ದಿನಗಳಲ್ಲಿ ವ್ಯಾಪಾರಿ ಪಕ್ಕದ ಹಾಸಿಗೆಗೆ ಬರುವುದು ನಿಂತಿತು. ಬೇರೆ ಹೊತ್ತಿಗೆ ಬದಲಾಯಿಸಿಕೊಂಡಿದ್ದಾರೆ ಎಂದು ಗೊತ್ತಾಯಿತು. ಇತ್ತ ಅಕ್ಕನ ಕೈಯಲ್ಲಿ ಸೂಜಿ ಹಾಕುತ್ತಿದ್ದ ನಾಳ ಕಟ್ಟಿಕೊಂಡಿತು. ಕತ್ತಿನಲ್ಲಿ ಕೊಳವೆ ಹಾಕಿದರು. ಒಂದು ಬೆಳಿಗ್ಗೆ ಶ್ವಾಸಕೋಶಕ್ಕೆ ನೀರು ತುಂಬಿ ಮಾತಾಡಲಾಗದೆ ಒದ್ದಾಡಿದರು. ಅವತ್ತು ಮೇಷ್ಟ್ರು ಕಾಲೇಜಿಗೆ ಬಂದಾಗ ಬೇರೆ ಬೇರೆ ಜೋಡಿಯ ಚಪ್ಪಲಿ ಹಾಕಿಕೊಂಡಿದ್ದರು. ಫೋನ್ ಮಾಡಿ ಪದ ಕೇಳುವುದು ಯಾವತ್ತೋ ನಿಂತಿತ್ತು. ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದಿನಿಂದ ನನ್ನನ್ನು ಕರೆಯದೆಯೇ ಹಾದುಹೋಗುತ್ತಿದ್ದರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ರಸ್ತೆಯ ಕೊನೆಯಲ್ಲಿರುತ್ತಿದ್ದರು. ತಿರುಗಿ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ವ್ಯಾಪಾರಿಯ ಹೆಂಡತಿ ಕಾಲೇಜಿಗೆ ಬಂದರು. ಅಗಲ ಕುಂಕುಮ, ದಪ್ಪ ಜರಿಯ ಸೀರೆ, ಮಂಡಿನೋವಿನ ನಡಿಗೆ. ಮೊದಲ ಮಹಡಿಯ ಸ್ಟಾಫ್ ರೂಮಿಗೆ ಒಬ್ಬರೇ ಹತ್ತಿ ಬಂದು ಉಸಿರು ಬಿಡುತ್ತಾ ನಿಂತರು. ನಾನು ಕುರ್ಚಿ ಕೊಟ್ಟೆ. ಮೇಷ್ಟ್ರು ಕ್ಲಾಸ್ ಮುಗಿಸಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

‘ನಮ್ಮ ಭಾವ ಕೇಳಿದ್ದು ನನಗೆ ನೆನ್ನೆ ಗೊತ್ತಾಯ್ತು ಮೇಷ್ಟ್ರೇ’ ಎಂದರು ಆಕೆ. ‘ಮನೇಲಿ ಹೆಂಗಸರು ಕೇಳ್ತಾರೆ ಅಂದ್ರಂತೆ. ಆ ಮನೇಲಿ ಹೆಂಗಸು ಅಂದ್ರೆ ನಾನೇ. ನಾನು ಕೇಳಿಲ್ಲ.’

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಒಳಗೆ ಬಂದರು.

‘ನನ್ನ ಕಿಡ್ನಿ ನಂದು, ಭಾವನದಲ್ಲ. ನಿಮ್ಮೆಂಡ್ತಿಗೆ ಕೊಡೋಕೆ ಒಪ್ಪಿಗೆ ಅಂತ ಆಸ್ಪತ್ರೇಲಿ ಹೇಳಿ ಬಂದಿದೀನಿ. ನೀವು ನಮ್ಮ ಯಜಮಾನ್ರಿಗೆ ಕೊಡೋದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ನಾನು ಬೇಡ್ಕೊಳಕ್ಕೆ ಬಂದಿಲ್ಲ. ನನ್ನ ಮಾತು ಇಷ್ಟು ಅಂತ ಹೇಳಕ್ಕೆ ಬಂದೆ.’

‘ಅವರೇನಂತಾರೆ?’ ಎಂದು ಕೇಳಿದರು ಮೇಷ್ಟ್ರು.

‘ಅವರಿಗೆ ಅಣ್ಣನ್ನ ಕಂಡ್ರೂ ಭಯ, ಸಾವು ಕಂಡ್ರೂ ಭಯ’ ಎಂದರು ಆಕೆ. ‘ಸಾವಿನ ಭಯ ಒಂಚೂರು ಜಾಸ್ತಿ ಇದೆ. ನಾನು ಅದನ್ನೇ ನಂಬ್ಕೊಂಡಿದೀನಿ.’

ಮೇಷ್ಟ್ರು ಮೇಜಿನ ಎದುರಿದ್ದ ಕುರ್ಚಿ ಎಳೆದುಕೊಂಡು ಕೂತರು. ನಾನಿದ್ದ ಅಷ್ಟು ವರ್ಷಗಳಲ್ಲಿ ಅವರು ಆ ಕೋಣೆಯಲ್ಲಿ ಹಾಗೆ ಕೂತದ್ದು ನನಗೆ ನೆನಪಿಲ್ಲ. ಯಾವತ್ತು ಬರಬೇಕು ಎಂದು ಕೇಳಿದರು. ಆಕೆ ಹೇಳಿದರು. ಇಬ್ಬರೂ ಸೇರಿ ಯಾವ ಪರೀಕ್ಷೆ ಬಾಕಿ ಇದೆ, ಕಸಿಗೆ ಅನುಮತಿ ಕೊಡುವ ಸಮಿತಿಯವರು ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದು ಮಾತಾಡಿದರು, ಮದುವೆ ಮನೆಯ ಎರಡು ಕಡೆಯವರು ಮಾತಾಡುವ ಹಾಗೆ. ಆಕೆ ಇಳಿದು ಹೋಗುವಾಗ ಮೇಷ್ಟ್ರು ಮೆಟ್ಟಿಲವರೆಗೂ ಹೋಗಿ, ಮಂಡಿನೋವಿರುವವರು ಹೇಗೆ ಇಳಿಯಬೇಕೆಂದು ತೋರಿಸಿಕೊಟ್ಟರು.

ಆಪರೇಷನ್ ದಿನ ನಾನು ರಜೆ ಹಾಕಿದ್ದೆ. ನಾಲ್ಕು ಜನರನ್ನೂ ಒಬ್ಬೊಬ್ಬರನ್ನಾಗಿ ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರ್ ಮೇಲೆ ಮಲಗಿಸಿದಾಗಲೂ ಮೇಷ್ಟ್ರ ಪಾದಗಳು ಹೊದಿಕೆಯೊಳಗೆ ಅಲ್ಲಾಡುತ್ತಿದ್ದವು. ವ್ಯಾಪಾರಿ ಕಣ್ಣು ಮುಚ್ಚಿಕೊಂಡಿದ್ದರು. ಅವರ ಅಣ್ಣನೂ ಬಂದಿದ್ದರು. ಕಾರಿಡಾರಿನ ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ಬಹಳ ಹೊತ್ತಾದ ಮೇಲೆ ಅವರು, ನನಗೆ ಆಗುವ ಹಾಗಿದ್ದರೆ ನಾನೇ ತಮ್ಮನಿಗೆ ಕೊಡುತ್ತಿದ್ದೆ, ಬಿಪಿ ಇದೆ ಎಂದು ಡಾಕ್ಟರು ಬೇಡವೆಂದರು ಎಂದರು. ನಾನು ಕೇಳಿರಲಿಲ್ಲ. ಅವರೂ ನನಗೇ ಹೇಳಿದರೋ ಗೋಡೆಗೋ ತಿಳಿಯಲಿಲ್ಲ. ಸುದ್ದಿ ಹೊರಬಿದ್ದಾಗ ಸಂಜೆಯಾಗಿತ್ತು. ಎರಡೂ ಕಿಡ್ನಿ ಕೆಲಸ ಶುರುಮಾಡಿದ್ದವು. ಹಿರಿಯರು ಎದ್ದು ನನಗೆ ಕೈಮುಗಿದು ಹೋದರು.

ಮೇಷ್ಟ್ರನ್ನು ಹಾಸಿಗೆಯಲ್ಲಿ ಹಿಡಿದಿಡುವುದು ನರ್ಸ್‌ಗಳಿಗೆ ದೊಡ್ಡ ಕೆಲಸವಾಯಿತು. ಡಾಕ್ಟರು ನಡೆಯಬಹುದು ಎಂದದ್ದೇ ತಡ, ಹೊಟ್ಟೆ ಹಿಡಿದುಕೊಂಡು, ಡ್ರಿಪ್ ಕಂಬ ತಳ್ಳಿಕೊಂಡು ಕಾರಿಡಾರ್ ಪೂರ್ತಿ ನಡೆದರು. ಸೋಂಕಿನ ಭಯಕ್ಕೆ ಅಕ್ಕನನ್ನೂ ವ್ಯಾಪಾರಿಯನ್ನೂ ಗಾಜಿನ ಆಚೆ ಇಟ್ಟಿದ್ದರು. ಇವರು ಮೊದಲು ಅಕ್ಕನ ಗಾಜಿನ ಮುಂದೆ ನಿಂತು, ಆಮೇಲೆ ಆ ಇನ್ನೊಬ್ಬರ ಗಾಜಿನ ಮುಂದೆಯೂ ನಿಂತು ಬರುತ್ತಿದ್ದರು. ಅಲ್ಲಿ ಏನು ನೋಡುತ್ತೀರಿ ಎಂದು ಕೇಳಿದೆ. ಮೂತ್ರದ ಚೀಲ ತುಂಬಿದೆಯಾ ನೋಡುತ್ತೇನೆ ಎಂದರು.

ಕಾಲೇಜಿಗೆ ಮರಳಿದ ಮೇಲೆ ಎಲ್ಲ ಮೊದಲಿನ ಹಾಗೆ ಆಯಿತು, ಒಂದನ್ನು ಬಿಟ್ಟು. ಮ್ಯಾಚ್ ಎಂಬ ಪದದ ಪಾಠ ಅವರು ಮತ್ತೆ ಮಾಡಲಿಲ್ಲ. ಹಿಂದಿನ ವರ್ಷದ ಮಕ್ಕಳಿಂದ ಕೇಳಿ ತಿಳಿದಿದ್ದ ಹೊಸ ಹುಡುಗರು ಬೆಂಕಿಪೊಟ್ಟಣದ ಪಾಠ ಮಾಡಿ ಸರ್ ಎಂದು ಪೀಡಿಸುತ್ತಿದ್ದರು. ಬೇರೆ ಪದ ಕೇಳಿ ಎನ್ನುತ್ತಿದ್ದರು. ನಾನು ಒಮ್ಮೆ ದಾರಿಯಲ್ಲಿ ಯಾಕೆಂದು ವಿಚಾರಿಸಿದೆ. ಮುಂದಿನ ಕ್ರಾಸ್‌ವರೆಗೆ ಹೋಗಿ, ನಿಂತು, ತಿರುಗಿ ಬಂದರು. ‘ನೆಂಟರಲ್ಲ ಅಂತ ಬಹಳ ಖಚಿತವಾಗಿ ಹೇಳ್ತಿದ್ದೆ ಮೇಡಂ. ನಿಘಂಟಿನ ಪ್ರಕಾರ ಅದು ಈಗಲೂ ಸರಿ. ಆದ್ರೆ ಬಾಯಲ್ಲಿ ಸಲೀಸಾಗಿ ಬರಲ್ಲ’ ಎಂದರು. ಅಷ್ಟೇ ಹೇಳಿ ಮುಂದೆ ಹೋದರು.

ವ್ಯಾಪಾರಿ ಆಗಾಗ ಬಿನ್ನಿಪೇಟೆಗೆ ಬರತೊಡಗಿದರು. ಮೊದಲ ಸಲ ಕಾರಿನ ತುಂಬ ಬೇಳೆ ತಂದಿದ್ದರು. ಮೇಷ್ಟ್ರು ಅದನ್ನು ವಾಪಸ್ ಕಳಿಸಿ, ಬರುವುದಾದರೆ ಬರಿಗೈಯಲ್ಲಿ ಬನ್ನಿ ಎಂದರು. ಅವರು ಹಾಗೆಯೇ ಬರುತ್ತಿದ್ದರು. ಹೆಚ್ಚು ಮಾತಿಲ್ಲ. ಅವರ ಹೆಂಡತಿ ಅಕ್ಕನಿಗೆ ಫೋನ್ ಮಾಡಿ ದೂರುತ್ತಿದ್ದರಂತೆ, ಬೆಳಗಾದರೆ ಗಾದಿ ಬಿಟ್ಟೇಳದಿದ್ದ ಯಜಮಾನರು ಈಗ ಮನೆಯಲ್ಲಿ ನಿಲ್ಲುವುದೇ ಇಲ್ಲ, ಲಾಲ್‌ಬಾಗ್ ಸುತ್ತುತ್ತಾರೆ, ನಿಮ್ಮ ಮೇಷ್ಟ್ರು ಕೊಟ್ಟದ್ದರ ಗುಣ ಎಂದು. ಅಕ್ಕ ಇದನ್ನು ಹೇಳಿ ನಗುತ್ತಿದ್ದರು. ತಾವು ಮಾತ್ರ ಆಕೆಯ ಕಿಡ್ನಿ ಪಡೆದೂ ಒಂದು ಚೂರೂ ಜೋರಾಗಲಿಲ್ಲ ಎನ್ನುತ್ತಿದ್ದರು.

ಮೇಷ್ಟ್ರು ಹೋದದ್ದು ನಡೆಯುವಾಗಲೇ. ಕಳೆದ ವರ್ಷ ಒಂದು ಬೆಳಿಗ್ಗೆ, ಬಿನ್ನಿಪೇಟೆಯಿಂದ ನಮ್ಮ ಮನೆಯ ಕಡೆ ಬರುವ ದಾರಿಯಲ್ಲಿ, ಹೃದಯ ನಿಂತಿತು. ಉಳಿದಿದ್ದ ಕಿಡ್ನಿ ಚೆನ್ನಾಗಿಯೇ ಇತ್ತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಯಾರೋ ಹೂವಿನವಳು ತಲೆ ಎತ್ತಿ ಹಿಡಿದುಕೊಂಡಿದ್ದಳಂತೆ. ನಾನು ಗೇಟಿನಲ್ಲಿ ನಿಂತು ಕಾದು, ಇವತ್ತು ಕರೆಯದೆ ಹೋಗಿದ್ದಾರೆ ಎಂದುಕೊಂಡು ಹೊರಟಿದ್ದೆ.

ಬಿನ್ನಿಪೇಟೆಯ ಬೀದಿಯಲ್ಲಿ ಶಾಮಿಯಾನ ಹಾಕಿದ್ದರು. ಹಳೆಯ ವಿದ್ಯಾರ್ಥಿಗಳು ಎಷ್ಟು ಬಂದಿದ್ದರೆಂದರೆ ನೆರಳು ಸಾಲಲಿಲ್ಲ. ಬೌದ್ಧ ವಿಹಾರದಿಂದ ಬಂದ ಭಂತೇಜಿ ಪಠಣ ಮಾಡುತ್ತಿದ್ದರು. ಅಕ್ಕ ತಲೆಯ ಬಳಿ ಕೂತಿದ್ದರು, ಅಳು ಮುಗಿದಿತ್ತು. ವ್ಯಾಪಾರಿ ಸುದ್ದಿ ಕೇಳಿದ ತಕ್ಷಣ ಬಂದವರು ಶಾಮಿಯಾನದ ಆಚೆ, ಬಿಸಿಲಿನಲ್ಲಿ ನಿಂತಿದ್ದರು. ಯಾರೋ ಕುರ್ಚಿ ಕೊಟ್ಟರೆ ಬೇಡವೆಂದರು. ಸ್ವಲ್ಪ ಹೊತ್ತು ಒಂದು ಮನೆಯ ಜಗಲಿಯ ಹತ್ತಿರ, ಸ್ವಲ್ಪ ಹೊತ್ತು ಇನ್ನೊಂದರ ಹತ್ತಿರ. ಎದುರಿಗೆ ಬಂದು ನೋಡುವ ಧೈರ್ಯ ಅವರಿಗೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಮೂರಾಗುತ್ತಾ ಬಂದಿತ್ತು. ಅವರ ತುಟಿ ಒಣಗಿದ್ದು ನನಗೂ ಕಂಡಿತ್ತು, ಆದರೆ ನನಗೆ ಏನೂ ಹೊಳೆಯಲಿಲ್ಲ.

ಅಕ್ಕ ಎದ್ದರು. ಹೆಂಗಸರು ಹಿಡಿಯಲು ಹೋದರೆ ಬಿಡಿಸಿಕೊಂಡರು. ಒಳಗೆ ಹೋಗಿ ದೊಡ್ಡ ಚೊಂಬಿನಲ್ಲಿ ನೀರು ತಂದರು, ಜನರ ನಡುವೆ ದಾರಿ ಮಾಡಿಕೊಂಡು ಬಿಸಿಲಿಗೆ ಹೋಗಿ ವ್ಯಾಪಾರಿಯ ಮುಂದೆ ನಿಂತರು.

‘ಬೆಳಿಗ್ಗೆಯಿಂದ ನೋಡ್ತಿದೀನಿ, ಒಂದು ತೊಟ್ಟೂ ಕುಡಿದಿಲ್ಲ ನೀವು’ ಎಂದರು. ವಾರ್ಡಿನಲ್ಲಿ ಬಾಣಂತಿಯರನ್ನು ಗದರುತ್ತಿದ್ದ ದನಿ ಅದು. ‘ಕಿಡ್ನಿ ಒಣಗಬಾರದು ಅಂತ ಡಾಕ್ಟ್ರು ಎಷ್ಟು ಸಲ ಹೇಳಿದಾರೆ ನಿಮಗೆ? ಅವರದು ಅಂತ ಇನ್ನು ಉಳಿದಿರೋದು ಅದೊಂದೇ. ಕುಡೀರಿ.’

ವ್ಯಾಪಾರಿ ಚೊಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿಯತೊಡಗಿದರು. ಪೂರ್ತಿ ಮುಗಿಯುವವರೆಗೆ ಅಕ್ಕ ಅಲ್ಲೇ ಬಿಸಿಲಿನಲ್ಲಿ ನಿಂತು ನೋಡಿದರು.